ಬೆರಕೆ ಕೈ

೩ ಜೂನ್

ಮಾನ್ಯರೇ,

ನಮ್ಮ ಕಚೇರಿಯಲ್ಲಿ ದೊಡ್ಡ ನಿಘಂಟಿನ ಪರಿಷ್ಕರಣೆ ನಡೆದಿದೆ. 'ಬ' ಅಕ್ಷರದ ಪದಗಳು ನನ್ನ ಮೇಜಿಗೆ ಬಂದಿವೆ. ಈಗ ಕೈಯಲ್ಲಿರುವುದು 'ಬೆರಕೆ'. ಎರಡು ಮೂರು ವಸ್ತು ಕೂಡಿಸಿ ತಯಾರಿಸಿದ್ದಕ್ಕೆ ಈ ಪದವನ್ನು ಯಾವ ಕಸುಬಿನವರು ಹೇಗೆ ಬಳಸುತ್ತಾರೆ ಎಂದು ವಿಚಾರಿಸುತ್ತಿದ್ದೇನೆ. ಬಣ್ಣದ ಅಂಗಡಿಯವರು, ಗಾರೆ ಕೆಲಸದವರು, ನೂಲಿನ ಗಿರಣಿಯವರು ಉತ್ತರ ಬರೆದಿದ್ದಾರೆ. ತಾವು ಹಿಂದೆ ಔಷಧಾಲಯವೊಂದರಲ್ಲಿ ಕಾಂಪೌಂಡರ್ ಆಗಿದ್ದವರೆಂದು ತಿಳಿದು ಈ ಪತ್ರ.

ಬಾಟಲಿಯಲ್ಲಿ ಬೆರೆಸಿ ಕೊಡುತ್ತಿದ್ದ ಔಷಧವನ್ನು ನಿಮ್ಮ ನಿಮ್ಮಲ್ಲಿ ಏನೆಂದು ಕರೆಯುತ್ತಿದ್ದಿರಿ? ಬೆರಕೆ ಎನ್ನುತ್ತಿದ್ದಿರಾ? ಬೆರೆಸುವಾಗ ತಪ್ಪಾದರೆ ಅದಕ್ಕೆ ಬೇರೆ ಹೆಸರಿತ್ತೇ?

ವಿಳಾಸ ಬರೆದ ಲಕೋಟೆ ಜೊತೆಗಿದೆ.

ಇತಿ,
ಸಹಾಯಕ ಸಂಪಾದಕಿ,
ನಿಘಂಟು ಕಚೇರಿ

೧೧ ಜೂನ್

ಮಾನ್ಯ ಸಹಾಯಕ ಸಂಪಾದಕಿಯವರಿಗೆ,

ನನಗೆ ಪತ್ರ ಬರೆಯುವವರು ಯಾರೂ ಇಲ್ಲ. ಹಾಗಾಗಿ ಲಕೋಟೆಯನ್ನು ಒಡೆಯುವ ಮೊದಲು ಎರಡು ಸಲ ತಿರುಗಿಸಿ ನೋಡಿದೆ. ಒಡೆದ ಮೇಲೆ ಸಹಿ ನೋಡಿದೆ. ಸಹಿಯ ಕೆಳಗೆ ಉದ್ದಕ್ಕೆ ಬಾಲ ಎಳೆಯುವ ಚಾಳಿ ನಿನ್ನಪ್ಪನದು. ಚೂಟಿ, ನಿಘಂಟು ಕಚೇರಿಯವರು ಭಾವನ ಸಹಿಯನ್ನು ಯಾವಾಗಿನಿಂದ ಬಾಡಿಗೆಗೆ ತೆಗೆದುಕೊಂಡಿದ್ದಾರೆ?

ಮೂವತ್ತೊಂದು ವರ್ಷ ಮಾವ ಇದ್ದಾನೋ ಸತ್ತನೋ ಎಂದು ವಿಚಾರಿಸದವಳಿಗೆ ಇದ್ದಕ್ಕಿದ್ದಂತೆ ಒಂದು ಪದದ ಅರ್ಥ ಬೇಕಾಗಿದೆ ಎಂದರೆ ನಂಬಲು ನಾನೇನು ಕಿವಿಗೆ ಹೂವಿಟ್ಟುಕೊಂಡು ಕೂತಿಲ್ಲ. ಭಾವ ಮಾರ್ಚ್‌ನಲ್ಲಿ ತೀರಿಕೊಂಡ ಸುದ್ದಿ ನನಗೆ ಬಸ್ಸಿನಲ್ಲಿ ಸಿಕ್ಕಿತು. ಮುಂದಿನ ಸೀಟಿನವರು ಯಾರಿಗೋ ಹೇಳುತ್ತಿದ್ದರು. ಆಗ ಒಂದು ಸಾಲು ಬರೆಯದ ನೀನು ಈಗ ಅಚ್ಚಾದ ಕಾಗದದಲ್ಲಿ 'ಮಾನ್ಯರೇ' ಎನ್ನುತ್ತೀಯ.

ಕೇಳಿದ್ದೀಯ, ಉತ್ತರ ಕೊಡುತ್ತೇನೆ. ಬೆರಕೆ ಎಂದು ನಾವು ಯಾರೂ ಅನ್ನುತ್ತಿರಲಿಲ್ಲ, ಅದು ಬೈಗುಳ. ಡಾಕ್ಟರು ಮಿಕ್ಸ್ಚರ್ ಎಂದು ಬರೆಯುತ್ತಿದ್ದರು. ರಿಜಿಸ್ಟರಿನಲ್ಲಿ ನಾನು ಮಿಶ್ರಣ ಎಂದು ಬರೆಯುತ್ತಿದ್ದೆ. ಕಿಟಕಿಯಾಚೆ ನಿಂತ ಜನ ಕೆಂಪು ನೀರು, ಬಿಳಿ ನೀರು ಎನ್ನುತ್ತಿದ್ದರು. ಬೆರೆಸುವಾಗ ತಪ್ಪಾದರೆ ಅದಕ್ಕೆ ಹೆಸರಿಡುವುದು ಕಾಂಪೌಂಡರ್ ಅಲ್ಲ, ರೋಗಿಯ ಮನೆಯವರು. ನಿಮ್ಮ ಮನೆಯಲ್ಲಿ ಏನು ಹೆಸರಿಟ್ಟಿದ್ದರೆಂದು ನಿನಗೇ ಗೊತ್ತಿರಬೇಕು.

ಇತಿ,
ನಿನ್ನ ಮಾವ (ಬೇಡವೆಂದರೆ ಹೊಡೆದು ಹಾಕು)

೨೦ ಜೂನ್

ಮಾವ,

ಸಿಕ್ಕಿಬಿದ್ದೆ. ಆದರೂ ಪದದ ವಿಚಾರ ಸುಳ್ಳಲ್ಲ. ಪದದ ಬಳಕೆ ಬರೆದಿಟ್ಟ ನೂರಾರು ಕಾರ್ಡು ಗುಡ್ಡೆ ಹಾಕಿಕೊಂಡು ಕೂತಿದ್ದೇನೆ.

ಅಪ್ಪ ನಿಮ್ಮ ಹೆಸರು ಎತ್ತುತ್ತಿರಲಿಲ್ಲ. ಎತ್ತಲೇಬೇಕಾಗಿ ಬಂದರೆ 'ಆ ಬೆರಕೆ ಕೈಯವನು' ಎನ್ನುತ್ತಿದ್ದರು. ಅಮ್ಮ ಸತ್ತದ್ದು ನೀವು ಬೆರೆಸಿ ಕೊಟ್ಟ ಔಷಧದ ಕೊನೆಯ ಗುಟುಕಿನಿಂದ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಏನು ತಪ್ಪಾಯಿತು, ಹೇಗಾಯಿತು ಎಂದು ಮಾತ್ರ ಯಾರೂ ನನಗೆ ಹೇಳಲಿಲ್ಲ. ನನಗಾಗ ಒಂಬತ್ತು ವರ್ಷ. ಅದೇ ದಿನ ಸಂಜೆ ನನ್ನನ್ನು ಅತ್ತೆಯ ಮನೆಗೆ ಕಳಿಸಿಬಿಟ್ಟರು. ಅದರ ಹಿಂದಿನ ವಾರಗಳು ರಬ್ಬರಿನಲ್ಲಿ ಉಜ್ಜಿದ ಹಾಗೆ ಅಳಿಸಿಹೋಗಿವೆ.

ಅಪ್ಪ ಹೋದ ಮೇಲೆ ಅವರ ಕಬ್ಬಿಣದ ಬೀರು ಖಾಲಿ ಮಾಡಿದೆ. ಹಳೆಯ ಸ್ವೆಟರಿನೊಳಗೆ ಸುತ್ತಿಟ್ಟಿದ್ದ ಬಾಟಲಿಯೊಂದು ಸಿಕ್ಕಿತು. ಒಂದು ಬದಿಗೆ ಅಳತೆಯ ಕಾಗದದ ಪಟ್ಟಿ, ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸಿದ್ದು. ತಳದಲ್ಲಿ ಸುಣ್ಣದಂಥ ಬಿಳಿ ಕಲೆ. ಅದು ಈಗ ನನ್ನ ಮೇಜಿನ ಮೇಲಿದೆ, ಕಾರ್ಡುಗಳ ಪಕ್ಕ.

ನನಗೆ ಬೇಕಾದದ್ದು ಇಷ್ಟೇ: ಅಮ್ಮನನ್ನು ಕೊಂದದ್ದು ಯಾರ ತಪ್ಪು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ.

ಪದದ ಬಗ್ಗೆ ಒಂದು ಮಾತು, ನಿಮಗೆ ಇಷ್ಟವಾಗಬಹುದು. ಬೆರಕೆ ಹುಟ್ಟಿದ್ದು 'ಬೆರೆ' ಎಂಬುದರಿಂದ. ಹಳೆಯ ಬರಹಗಳಲ್ಲಿ 'ಬೆರಸು' ಎಂದರೆ 'ಜೊತೆಯಲ್ಲಿ' ಎಂದೂ ಅರ್ಥ. ಪರಿವಾರಂಬೆರಸು ಬಂದ ಎಂದರೆ ಪರಿವಾರದ ಜೊತೆ ಬಂದ. ಇಷ್ಟು ಒಳ್ಳೆಯ ಮನೆಯಲ್ಲಿ ಹುಟ್ಟಿದ ಪದ ಯಾವಾಗ ಕೆಟ್ಟಿತೋ ಗೊತ್ತಾಗುತ್ತಿಲ್ಲ.

ಚೂಟಿ

೨ ಜುಲೈ

ಚೂಟಿ,

ಪದ ಕೆಟ್ಟದ್ದು ಯಾರೋ ಮೊದಲ ಸಲ ಹಾಲಿಗೆ ನೀರು ಹಾಕಿ ನೆರೆಯವರಿಗೆ ಕೊಟ್ಟ ದಿನ ಇರಬೇಕು. ನಿನ್ನ ಸಂಪಾದಕರಿಗೆ ಹೇಳು, ಸಂಶೋಧನೆ ನನ್ನದೇ.

ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಮಿಶ್ರಣದಲ್ಲಿ ಎರಡು ಜಾತಿ. ಒಂದರಲ್ಲಿ ಹಾಕಿದ್ದೆಲ್ಲ ಕರಗಿಬಿಡುತ್ತದೆ. ಮೊದಲ ಗುಟುಕೂ ಕೊನೆಯ ಗುಟುಕೂ ಒಂದೇ. ಇನ್ನೊಂದರಲ್ಲಿ ಪುಡಿ ಕರಗುವುದಿಲ್ಲ. ಬಾಟಲಿ ಇಟ್ಟಲ್ಲಿ ಇಟ್ಟರೆ ತಳಕ್ಕೆ ಇಳಿದು ಮಡ್ಡಿಯಾಗಿ ಕೂರುತ್ತದೆ. ಪ್ರತಿ ಸಲ ಕುಲುಕಿಯೇ ಕುಡಿಯಬೇಕು. ಕುಲುಕದಿದ್ದರೆ ಮೊದಮೊದಲು ಬರೀ ತಿಳಿ ನೀರು ಹೋಗುತ್ತದೆ, ಔಷಧವೆಲ್ಲ ಕೊನೆಯ ಗುಟುಕಿನಲ್ಲಿ ಒಟ್ಟಿಗೆ ಹೋಗುತ್ತದೆ. ಅಕ್ಕನ ನೋವಿಗೆ ಡಾಕ್ಟರು ಬರೆದದ್ದು ಈ ಎರಡನೆಯ ಜಾತಿ, ಹತ್ತು ದಿನದ್ದು. ಅಂಥ ಬಾಟಲಿಗೆ ಅಳತೆಯ ಪಟ್ಟಿಯ ಜೊತೆ ಇನ್ನೊಂದು ಚೀಟಿ ಅಂಟಿಸಲೇಬೇಕು. 'ಕುಡಿಯುವ ಮುನ್ನ ಚೆನ್ನಾಗಿ ಕುಲುಕಿ.' ಆ ದಿನ ಕಿಟಕಿಯಲ್ಲಿ ನೂಕುನುಗ್ಗಲು. ಚೀಟಿ ಅಂಟಿಸುವುದನ್ನು ಮರೆತೆ.

ಡಾಕ್ಟರ ಮುಂದೆ, ಭಾವನ ಮುಂದೆ, ವಿಚಾರಣೆಗೆ ಬಂದವರ ಮುಂದೆ ಇದನ್ನೇ ಹೇಳಿದೆ. ಕೆಲಸ ಹೋಯಿತು. ಆಮೇಲೆ ಇಪ್ಪತ್ತೆರಡು ವರ್ಷ ಸೋಪಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟಿದೆ. ಅಲ್ಲಿಯೂ ಒಂದು ಬೆರೆಸುವ ಕೋಣೆ ಇತ್ತು, ನಾನು ಆ ಕಡೆ ತಲೆ ಹಾಕಲಿಲ್ಲ.

ತಪ್ಪು ಯಾರದೆಂದು ಗೊತ್ತಾಯಿತಲ್ಲ. ಬಾಟಲಿಯನ್ನು ಎಸೆದುಬಿಡು.

ನಿನ್ನ ಮಾವ

೧೯ ಜುಲೈ

ಮಾವ,

ಎಸೆಯಲಿಲ್ಲ. ಎಸೆ ಎಂದು ನೀವು ಅವಸರ ಮಾಡಿದ್ದೇ ನನಗೆ ಸರಿಬರಲಿಲ್ಲ.

ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವರೊಬ್ಬರಿದ್ದಾರೆ. ಐವತ್ತು ವರ್ಷ ಗೋಂದಿನಲ್ಲೇ ಕೈ ಅದ್ದಿದವರು. ಬಾಟಲಿಯನ್ನು ಅವರ ದೀಪದ ಕೆಳಗೆ ಇಟ್ಟೆ. ಪಟ್ಟಿಯನ್ನು ನೋಡಿದರು, ತಿರುಗಿಸಿದರು, ಹೆಬ್ಬೆರಳಲ್ಲಿ ಸವರಿದರು.

"ಈ ಕಡೆ ಇನ್ನೊಂದು ಚೀಟಿ ಇತ್ತಲ್ಲಮ್ಮ," ಅಂದರು.

"ಇರಲಿಲ್ಲವಂತೆ."

"ಯಾರು ಹೇಳಿದ್ದು ನಿಮಗೆ? ಮೈದಾ ಅಂಟು ಇದು, ಒಣಗಿ ಗಟ್ಟಿಯಾಗಿ ಕೂತಿದ್ದು. ಆಮೇಲೆ ಒದ್ದೆ ಮಾಡಿ ಉಗುರಲ್ಲಿ ಕೆರೆದಿದಾರೆ. ಗೀರು ನೋಡಿ. ನಿಧಾನಕ್ಕೆ ಕೀಳೋಕೆ ಪುರುಸೊತ್ತು ಇರ್ಲಿಲ್ಲ ಅಂತ ಕಾಣತ್ತೆ."

ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಒಂದು ಮೂಲೆಯಲ್ಲಿ ಕಾಗದದ ನಾರು, ಅದರ ಮೇಲೆ ನೀಲಿ ಶಾಯಿಯ ಚೂರು.

ಅಂದರೆ ನೀವು ಚೀಟಿ ಅಂಟಿಸಿದ್ದಿರಿ. ಮರೆತೆ ಎಂದು ಮೂವತ್ತೊಂದು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು. ಮಾಡದ ತಪ್ಪನ್ನು ಒಬ್ಬ ಯಾಕೆ ಒಪ್ಪಿಕೊಳ್ಳುತ್ತಾನೆ? ಅದಕ್ಕಿಂತ ದೊಡ್ಡದೊಂದನ್ನು ಮುಚ್ಚಲು ಎಂದೇ ನನಗೆ ಅನ್ನಿಸುತ್ತಿದೆ. ಚೀಟಿ ಮರೆತವನಿಗೆ ಕೆಲಸ ಹೋಗುತ್ತದೆ. ಪುಡಿಯನ್ನೇ ತಪ್ಪಾಗಿ ತೂಗಿದವನಿಗೆ ಜೈಲು. ಚೀಟಿಯ ಕಥೆಯನ್ನು ಮುಂದೆ ಮಾಡಿ ತಕ್ಕಡಿಯ ಕಥೆಯನ್ನು ಹಿಂದೆ ಮಾಡಿದಿರಾ?

ಇನ್ನೊಂದು. ಅಪ್ಪ ಬೆಳಿಗ್ಗೆ ಆರಕ್ಕೆಲ್ಲ ಬಸ್ಸಿನ ವರ್ಕ್‌ಶಾಪಿಗೆ ಹೋಗುತ್ತಿದ್ದರು. ಅಮ್ಮ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಔಷಧ ಕೊಡುತ್ತಿದ್ದವರು ಯಾರು?

ಚೂಟಿ

೯ ಆಗಸ್ಟ್

ಚೂಟಿ,

ಔಷಧ ಕೊಡುತ್ತಿದ್ದವರು ನೆರೆಮನೆಯವರು ಯಾರೋ ಇರಬೇಕು. ನೆನಪಿಲ್ಲ.

ತಕ್ಕಡಿಯ ಮಾತು ಎತ್ತಬೇಡ. ಉಳಿದದ್ದಕ್ಕೆಲ್ಲ ನನ್ನನ್ನು ಏನು ಬೇಕಾದರೂ ಅನ್ನು. ಅದೊಂದನ್ನು ಬಿಟ್ಟುಬಿಡು.

ಗೋಂದಿನ ಕಲೆ ನೋಡಿ ಮೂವತ್ತು ವರ್ಷದ ಹಿಂದಿನದನ್ನು ಹೇಳುವವರು ಜ್ಯೋತಿಷ್ಯ ಹೇಳಿಕೊಂಡಿರಲಿ, ರಟ್ಟು ಯಾಕೆ ಕಟ್ಟುತ್ತಾರೆ? ಕಚೇರಿಯ ಕೆಲಸ ಮಾಡು. ಕೆದಕುತ್ತಾ ಕೂರುವುದು ನಿನ್ನ ಆರೋಗ್ಯಕ್ಕೆ ಒಳ್ಳೆಯದಲ್ಲ.

ಮಾವ

೨೧ ಆಗಸ್ಟ್

ಮಾವ,

ಇನ್ನು ನಿಮ್ಮನ್ನು ಕೇಳುವುದಿಲ್ಲ. ನಾನೇ ಲೆಕ್ಕ ಹಾಕಿದೆ, ಉತ್ತರ ಸಿಕ್ಕಿದೆ.

ಚೀಟಿ ಇದ್ದರೆ ನೀವು ಪಾರಾಗುತ್ತಿದ್ದಿರಿ. ಅದನ್ನು ಕೀಳುವುದರಿಂದ ನಿಮಗೆ ಬಿಡಿಗಾಸಿನ ಲಾಭವಿಲ್ಲ. ಹಾಗಾದರೆ ಕಿತ್ತವರು ಬೇರೆಯವರು. ಬಾಟಲಿ ಇದ್ದದ್ದು ಯಾರ ಬೀರುವಿನಲ್ಲಿ? ಅಪ್ಪನದು. ವರ್ಕ್‌ಶಾಪಿಗೆ ಹೊರಡುವ ಮುಂಚೆ ಅಮ್ಮನಿಗೆ ಔಷಧ ಕೊಡುತ್ತಿದ್ದದ್ದು ಅಪ್ಪನೇ ಇರಬೇಕು. ಅವಸರದ ಮನುಷ್ಯ, ಚೀಟಿ ಓದಲಿಲ್ಲ, ಕುಲುಕಲಿಲ್ಲ. ಅಮ್ಮ ಹೋದ ಮೇಲೆ ಚೀಟಿ ಕಣ್ಣಿಗೆ ಬಿತ್ತು. ಕಿತ್ತು ಹಾಕಿ ನಿಮ್ಮ ಮೇಲೆ ಹೊರಿಸಿದರು. ಬೆರಕೆ ಕೈ, ಬೆರಕೆ ಕೈ ಎಂದು ಜೀವಮಾನವಿಡೀ ಬೈದದ್ದು ತಮ್ಮ ಕೈಯನ್ನು ಬಚ್ಚಿಡಲು. ನಿಮಗೆ ಇದು ಗೊತ್ತಿತ್ತು. ಅಕ್ಕನ ಗಂಡ ಎಂದು ಬಾಯಿ ಮುಚ್ಚಿಕೊಂಡಿರಿ.

ಆ ಮನುಷ್ಯನ ಕೊನೆಯ ಎರಡು ವರ್ಷ ನಾನು ಕೈತುತ್ತು ಕೊಟ್ಟು ನೋಡಿಕೊಂಡೆ. ನಿನ್ನೆ ಅವರ ಫೋಟೋವನ್ನು ಗೋಡೆಯಿಂದ ಇಳಿಸಿ ಮಂಚದ ಕೆಳಗೆ ತಳ್ಳಿದ್ದೇನೆ. ಈ ವಾರ ಅತ್ತೆಗೂ ಬರೆಯುತ್ತೇನೆ, ಅಣ್ಣ ಎಂಥವನೆಂದು ಅವರಿಗೂ ತಿಳಿಯಲಿ.

ಇದು ಸುಳ್ಳಾದರೆ ಹೇಳಿ. ಇಲ್ಲವಾದರೆ ಸುಮ್ಮನಿರಿ. ಸುಮ್ಮನಿರುವುದರಲ್ಲಿ ನೀವು ಪಳಗಿದವರು.

ಚೂಟಿ

೨೬ ಆಗಸ್ಟ್

ಚೂಟಿ,

ಮೊದಲು ಆ ಫೋಟೋ ತೆಗೆದು, ಒರೆಸಿ, ಗೋಡೆಗೆ ಹಾಕು. ಅತ್ತೆಗೆ ಬರೆದಿದ್ದರೆ ಇನ್ನೊಂದು ಬರೆದು ತಪ್ಪಾಯಿತು ಅನ್ನು.

ಚೀಟಿ ಕಿತ್ತವನು ನಾನು.

ಸುದ್ದಿ ಗೊತ್ತಾದ ಕೂಡಲೇ ಔಷಧಾಲಯದಿಂದ ಓಡಿ ಬಂದೆ. ಬೆಳಗಿನ ಒಂಬತ್ತು ಗಂಟೆ. ಅಕ್ಕನ ಕೈ ಹಿಡಿದು ನೋಡಿದೆ, ಆಗಲೇ ಮುಗಿದಿತ್ತು. ಡಾಕ್ಟರು ಇನ್ನೂ ಬಂದಿರಲಿಲ್ಲ, ಭಾವ ವರ್ಕ್‌ಶಾಪಿನಲ್ಲಿದ್ದರು. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಮಂಚದ ಪಕ್ಕ ಖಾಲಿ ಬಾಟಲಿ, ಅದರ ಮೇಲೆ ನನ್ನದೇ ಕೈಬರಹದಲ್ಲಿ 'ಚೆನ್ನಾಗಿ ಕುಲುಕಿ'. ಚೊಂಬಿನ ನೀರು ಚಿಮುಕಿಸಿ ಉಗುರಲ್ಲಿ ಕೆರೆದು ತೆಗೆದೆ, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡೆ. ಮರೆತೆ ಎಂದು ಹೇಳಿದೆ.

ಭಾವನಿಗೆ ಇದು ಕೊನೆಯವರೆಗೂ ಗೊತ್ತಿರಲಿಲ್ಲ. ಅವರು ನನ್ನನ್ನು ಬೈದದ್ದು ನಂಬಿ ಬೈದದ್ದು. ಹೆಂಡತಿಯನ್ನು ಕಳೆದುಕೊಂಡವರು, ಬೈಯಲಿ ಬಿಡು ಅಂದುಕೊಂಡೆ. ಸುಳ್ಳು ನನ್ನದು, ಅವರದಲ್ಲ.

ಏಕೆ ಕಿತ್ತೆ ಎಂದು ಕೇಳಬೇಡ. ನಿನ್ನ ಅಮ್ಮನ ಮೇಲಾಣೆ, ಕೇಳಬೇಡ.

ಮಾವ

೨೪ ಸೆಪ್ಟೆಂಬರ್

ಮಾವ,

ಒಂದು ತಿಂಗಳು ಬರೆಯಲಿಲ್ಲ. ಫೋಟೋ ಗೋಡೆಗೆ ಬಂದಿದೆ. ಅತ್ತೆಗೆ ಬರೆದಿರಲಿಲ್ಲ.

'ದೊಡ್ಡವರು ಯಾರೂ ಇರಲಿಲ್ಲ' ಎಂದು ಬರೆದಿರಿ. ದಿನವಿಡೀ ಪದಗಳನ್ನು ಕೂದಲು ಸೀಳಿದ ಹಾಗೆ ಸೀಳುವವಳಿಗೆ ಆ ಸಾಲು ಸಾಕಾಯಿತು. ದೊಡ್ಡವರು ಯಾರೂ ಇಲ್ಲದ ಮನೆಯಲ್ಲಿ ಚಿಕ್ಕವಳೊಬ್ಬಳು ಇದ್ದಳು.

ಆದರೂ ನಂಬಲಿಲ್ಲ. ಹಳೆಯ ಬೀದಿಗೆ ಹೋದೆ. ನಮ್ಮ ಗೋಡೆಗೆ ಗೋಡೆ ಅಂಟಿಸಿಕೊಂಡಿದ್ದ ಮನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ಗುಂಡಿ ಅಜ್ಜಿ ಇನ್ನೂ ಇದ್ದಾರೆ. ಕಣ್ಣು ಮಂಜು, ನಾಲಿಗೆ ಚುರುಕು. ಅಮ್ಮನಿಗೆ ಔಷಧ ಕೊಡುತ್ತಿದ್ದವರು ಯಾರು ಎಂದು ಕೇಳಿದೆ.

"ಯಾರು ಅಂದ್ರೆ? ನೀನೇ ಅಲ್ವೇನೇ! ಚಮಚ ಹಿಡ್ಕೊಂಡು ದೊಡ್ಡ ನರ್ಸಮ್ಮನ ಥರ ನಿಂತಿರ್ತಿದ್ದೆ. ನಾನು ಕೊಡ್ತೀನಿ ಅಂದ್ರೆ ಕಚ್ಚೋಕೆ ಬರ್ತಿದ್ದೆ."

ವಾಪಸು ಬರುವ ಬಸ್ಸಿನಲ್ಲಿ ಒಂದೊಂದೇ ತೇಲಿಬಂತು. ಚೀಟಿ ನನಗೆ ಕಂಠಪಾಠವಾಗಿತ್ತು ಮಾವ. ಮೊದಲ ದಿನ ಕುಲುಕಿಯೇ ಕೊಟ್ಟೆ. ಅಮ್ಮ ಓಕರಿಸಿದರು. ಬಾಯಿ ಒರೆಸಿಕೊಂಡು ಹೇಳಿದರು: "ಕುಲುಕಬೇಡ ಕಣೇ ಚೂಟಿ. ಆ ಮಡ್ಡಿ ನಾಲಿಗೆಗೆ ತಗುಲಿದ್ರೆ ಹೊಟ್ಟೆ ತೊಳೆಸತ್ತೆ. ಮೇಲಿನ ತಿಳಿ ಕೊಡು, ಸಾಕು. ಮಾವಂಗೆ ಮಾತ್ರ ಹೇಳ್ಬೇಡ, ಬೈತಾನೆ." ಆಮೇಲೆ ದಿನಾ ಬಾಟಲಿಯನ್ನು ಅಲುಗಾಡದ ಹಾಗೆ ಎತ್ತಿ ತಿಳಿ ಮಾತ್ರ ಬಗ್ಗಿಸಿದೆ. ಒಂದು ಚೂರು ಮಡ್ಡಿ ಬಾರದಂತೆ ಬಗ್ಗಿಸಲು ಕಲಿತಿದ್ದೆ. ಅಮ್ಮ ಜಾಣೆ ಎನ್ನುತ್ತಿದ್ದರು.

ಹತ್ತನೆಯ ದಿನ ತಳದಲ್ಲಿ ಬೆಣ್ಣೆಯಂತೆ ಮಡ್ಡಿ ಉಳಿದಿತ್ತು. ನೀವು ಬಾಟಲಿ ಕೊಡುವಾಗ ಒಂದು ತೊಟ್ಟೂ ಉಳಿಸಬಾರದು ಎಂದಿದ್ದಿರಿ. ಸಂಜೆ ನೀವು ಬಂದು ನೋಡಿದರೆ ಗುಟ್ಟು ರಟ್ಟಾಗುತ್ತದೆಂದು ಭಯವಾಯಿತು. ನೀರು ಹಾಕಿದೆ. ಆ ದಿನ ಮಾತ್ರ ಚೆನ್ನಾಗಿ ಕುಲುಕಿದೆ. ಇವತ್ತೊಂದು ದಿನ ಅಮ್ಮ, ಮೂಗು ಮುಚ್ಚಿಕೊಂಡು ಕುಡಿದುಬಿಡು ಎಂದೆ. ನನಗೋಸ್ಕರ ಪೂರ್ತಿ ಕುಡಿದರು. ಆಮೇಲೆ ನಿದ್ದೆ ಎಂದರು, ಏಳಲಿಲ್ಲ. ಓಡಿ ಬಂದು ನಿಮ್ಮನ್ನು ಕರೆದವಳೂ ನಾನೇ.

ಇದೆಲ್ಲ ನನ್ನೊಳಗೆ ಎಲ್ಲೋ ಇತ್ತು ಎಂದು ಈಗ ಅನ್ನಿಸುತ್ತದೆ. ಇಲ್ಲದಿದ್ದರೆ ಇಷ್ಟು ಹಟ ಹಿಡಿದು ಇನ್ನೊಬ್ಬರನ್ನು ಯಾಕೆ ಹುಡುಕುತ್ತಿದ್ದೆ? ಮೊದಲು ನಿಮ್ಮ ಚೀಟಿ, ಆಮೇಲೆ ನಿಮ್ಮ ತಕ್ಕಡಿ, ಕೊನೆಗೆ ಸತ್ತ ಅಪ್ಪ. ನನ್ನ ಕೈಯೊಂದನ್ನು ಬಿಟ್ಟು ಎಲ್ಲರ ಕೈ ಮೂಸಿ ನೋಡಿದೆ.

ಬೆರಕೆಯ ಕಾರ್ಡು ಬರೆದು ಕೊಟ್ಟೆ. 'ಜೊತೆಗೂಡಿದ್ದು' ಎಂಬುದನ್ನು ಮೊದಲ ಅರ್ಥವಾಗಿ ಇಟ್ಟೆ, 'ಶುದ್ಧವಲ್ಲದ್ದು' ಎಂಬುದು ಮೂರನೆಯದು. ಮೊದಲನೆಯದು ಯಾರೂ ಬಳಸದ ಅರ್ಥ, ಹಿಂದಕ್ಕೆ ಹಾಕಿ ಎಂದರು ಹಿರಿಯ ಸಂಪಾದಕರು. ನಾನು ಜಗ್ಗಲಿಲ್ಲ. ಅಪ್ಪನ ಬೈಗುಳವನ್ನೂ ಉದಾಹರಣೆಗೆಂದು ಒಂದು ಕಾರ್ಡಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಹರಿದು ಹಾಕಿದೆ.

ನೀವು ನನಗಾಗಿ ಕೆಲಸ, ಮರ್ಯಾದೆ, ಅಕ್ಕನ ಮನೆ ಎಲ್ಲ ಬಿಟ್ಟಿರಿ. ನನಗೆ ದೇವರಂಥವರು ನೀವು. ಯಾವ ಮುಖ ಹೊತ್ತು ಎದುರಿಗೆ ಬರಲಿ?

ನಿಮ್ಮ ಚೂಟಿ

೨ ಅಕ್ಟೋಬರ್

ಚೂಟಿ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನೀನು ಅಮ್ಮ ಹೇಳಿದ್ದನ್ನೂ ಕೇಳಿದೆ, ಮಾವ ಹೇಳಿದ್ದನ್ನೂ ಕೇಳಿದೆ. ಒಂಬತ್ತು ವರ್ಷದ ಮಗು ಇನ್ನೇನು ಮಾಡೀತು? ಇದರಲ್ಲಿ ನಿನ್ನ ಅಪರಾಧ ಸಾಸಿವೆಯಷ್ಟೂ ಇಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆದು ಕೊಡುತ್ತೇನೆ.

ಆದರೆ ದೇವರಂಥವರು ಎಂದಿದ್ದೀಯಲ್ಲ, ಅದನ್ನು ಹೊಡೆದು ಹಾಕು.

ಚೀಟಿ ಕಿತ್ತದ್ದು ನಿನಗಾಗಿಯೇ. ನೀನು ಬಾಗಿಲಲ್ಲಿ ಚಮಚ ಹಿಡಿದು ನಿಂತಿದ್ದೆ. ನಾಳೆ ಯಾರಾದರೂ ಈ ಮಗುವನ್ನು ಕುಲುಕಿದೆಯಾ ಎಂದು ಕೇಳಿಯಾರು ಅನ್ನಿಸಿತು, ಕಿತ್ತೆ. ಅಲ್ಲಿಯವರೆಗೆ ನಾನು ಒಳ್ಳೆಯವನು. ಮೂರು ದಿನ ಕಳೆದ ಮೇಲೆ ಇನ್ನೊಂದು ಯೋಚನೆ ಒಳಗೆ ಹೊಕ್ಕಿತು. ಚೂಟಿ ಓದು ಬಲ್ಲವಳು, ಹೇಳಿದ ಮಾತು ಕೇಳುವವಳು. ಅವಳು ದಿನಾ ಕುಲುಕಿಯೇ ಕೊಟ್ಟಿದ್ದರೆ? ಹಾಗಿದ್ದರೆ ಅಕ್ಕನನ್ನು ಕೊಂದದ್ದು ನನ್ನ ತಕ್ಕಡಿ. ಆ ದಿನ ಪುಡಿ ತೂಗುವಾಗ ಕಿಟಕಿಯಲ್ಲಿ ಯಾರೋ ಕರೆದರು, ತಿರುಗಿ ಮಾತಾಡಿದೆ. ತಿರುಗುವ ಮುಂಚೆಯೇ ಪುಡಿ ಹಾಕಿದ್ದೆನೋ, ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದೆನೋ. ಆ ಗಳಿಗೆಯನ್ನು ಸಾವಿರ ಸಲ ನೆನಪು ಮಾಡಿಕೊಂಡಿದ್ದೇನೆ. ಒಂದು ಸಲ ಒಂದು ಥರ ಕಾಣುತ್ತದೆ, ಇನ್ನೊಂದು ಸಲ ಇನ್ನೊಂದು ಥರ.

ನಿನ್ನನ್ನು ಕೇಳಿದ್ದರೆ ಒಂದೇ ಮಾತಿಗೆ ತೀರುತ್ತಿತ್ತು. ಮಗುವಿನ ಮನಸ್ಸು ನೋಯುತ್ತದೆಂದು ಕೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನಿನ್ನ ಉತ್ತರಕ್ಕೆ ಹೆದರಿದೆ. ಕುಲುಕಿದ್ದೆ ಮಾವ ಎಂದು ನೀನು ಅಂದುಬಿಟ್ಟರೆ? ನೀನು ದೂರ ಇದ್ದಷ್ಟು ನನಗೇ ಒಳ್ಳೆಯದಾಯಿತು. ಭಾವ ಬೆರಕೆ ಕೈ ಎಂದು ಬೈದಾಗ ಸಿಟ್ಟು ಬರಲಿಲ್ಲ. ಇರಬಹುದು ಅನ್ನಿಸಿತು. ಜುಲೈಯಲ್ಲಿ ನೀನು ತೂಕದ ಮಾತು ಎತ್ತಿದಾಗ ನಾಲ್ಕು ಸಾಲು ಉತ್ತರ ಬರೆಯಲು ನನಗೆ ಮೂರು ವಾರ ಹಿಡಿಯಿತು.

ಈಗ ನಿನ್ನ ಕೈಬರಹದಲ್ಲಿ ಇದೆ. ಮೊದಲ ದಿನ ಬಿಟ್ಟರೆ ಎಂಟು ದಿನ ತಿಳಿ, ಹತ್ತನೆಯ ದಿನ ಮಡ್ಡಿ ಪೂರ್ತಿ. ಅಷ್ಟು ಒಟ್ಟಿಗೆ ಹೋದರೆ ತೂಕ ಸರಿಯಾಗಿದ್ದರೂ ಆಗುವುದು ಅದೇ. ನಾನು ಸರಿಯಾಗಿಯೇ ಬೆರೆಸಿದ್ದೆ ಚೂಟಿ. ನನ್ನ ಕೈ ಸರಿಯಾಗಿತ್ತು.

ಇದನ್ನು ಓದಿದಾಗ ನನಗೆ ಏನಾಯಿತು ಎಂದು ಬಚ್ಚಿಡುವುದಿಲ್ಲ. ಸಂತೋಷವಾಯಿತು. ನೀನು ಎದೆ ಒಡೆದುಕೊಂಡು ಬರೆದ ಕಾಗದವನ್ನು ಕೈಯಲ್ಲಿ ಹಿಡಿದು, ಅರವತ್ತೆರಡು ವರ್ಷದ ಮುದುಕ, ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ನೀನು ನೆನಪಾದದ್ದು ಎಷ್ಟೋ ಹೊತ್ತಿನ ಮೇಲೆ. ಆಮೇಲೆ ಅಳು ಬಂತು.

ಇಷ್ಟು ವರ್ಷ ನಿನ್ನನ್ನು ಕಾಪಾಡಿದ ಮಾವ ಎಂಥವನು ಎಂದು ತಿಳಿದುಕೊಂಡೇ ಬಾ. ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ನಿಲ್ದಾಣದಲ್ಲಿ ಇರುತ್ತೇನೆ. ನೀನು ಇಳಿಯದಿದ್ದರೆ ಅದರ ಮುಂದಿನ ಭಾನುವಾರವೂ ಇರುತ್ತೇನೆ.

ನಿನ್ನ ಮಾವ